ಒಂದೇ ಶಾಲೆಗೆ ಮೂರು ಜಾಗ ಯಾಕೆ?

ಕ್ವಿಜ್ ಚಾಂಪಿಯನ್‌ಶಿಪ್‌ಗೆ ಒಂದೇ ಶಾಲೆಯಿಂದ ಎ, ಬಿ, ಸಿ ಅಂತ ಮೂರು ತಂಡ ಬರುವುದನ್ನು ನೋಡಿದರೆ ಸಂಕಟವಾಗುತ್ತದೆ. ಲಿಖಿತ ಸುತ್ತು ದಾಟಿ ವೇದಿಕೆ ಹತ್ತಿದ್ದು 6 ತಂಡ ಮಾತ್ರ. ಅದರಲ್ಲಿ 3 ಒಂದೇ ಶಾಲೆಯವು. ನಮ್ಮ ಮಕ್ಕಳು ಒಂದೇ ಅಂಕದ ಅಂತರದಲ್ಲಿ ಏಳನೆಯವರಾದರು. ವರ್ಷವಿಡೀ ಪೇಪರ್ ಕತ್ತರಿಸಿ, ಅಂಟಿಸಿ, ಓದಿದ್ದರು ಪಾಪ.

ಮೊದಲು ಗುಂಡಿ ಒತ್ತಿದವರು ಉತ್ತರಿಸುವ ಕೊನೆಯ ಬಜರ್ ಸುತ್ತಿನಲ್ಲಿ ಬಿ ತಂಡ ಸುಮ್ನೆ ಕೂತು ಎ ತಂಡಕ್ಕೆ ದಾರಿ ಬಿಟ್ಟರೆ ಕೇಳುವವರು ಯಾರು? ಹಾಗೆ ಮಾಡದಿದ್ದರೂ ಅನುಮಾನ ಬಂದೇ ಬರುತ್ತದೆ, ಅಲ್ವಾ?

ಬಿ ತಂಡದ ಮಕ್ಕಳಿಗೂ ಆಡುವ ಆಸೆ ಇರುತ್ತದೆ, ಒಪ್ಪುತ್ತೇನೆ. ಲಿಖಿತ ಸುತ್ತಿಗೆ ಎಷ್ಟು ತಂಡ ಬೇಕಾದರೂ ಬರಲಿ. ವೇದಿಕೆಗೆ ಮಾತ್ರ ಶಾಲೆಗೊಂದೇ ಇರಲಿ. ಆಯೋಜಕರಿಗೆ ಎರಡು ಸಲ ಹೇಳಿದೆ. ಉತ್ತರವೇ ಇಲ್ಲ.