ದೋಸೆ ಬೈ ಎಂಟು

ಬೆಂಗಳೂರಿನಲ್ಲಿ ಈಗ ತಿನ್ನುವುದಕ್ಕೂ ಗೈಡ್ ಸಿಗುತ್ತಾರೆ. ಫುಡ್ ವಾಕ್ ಅಂತ ಅದರ ಹೆಸರು. ಹಳೇ ಪೇಟೆ ಬೀದಿಗಳಲ್ಲಿ ನಡೆಸುತ್ತಾರೆ, ಅಲ್ಲಲ್ಲಿ ನಿಲ್ಲಿಸಿ ತಿನ್ನಿಸುತ್ತಾರೆ, ತಿನ್ನುವಾಗ ಇತಿಹಾಸ ಹೇಳುತ್ತಾರೆ. ತಲೆಗೆ ಒಂದೂವರೆ ಸಾವಿರ. ಚಿಕ್ಕಪೇಟೆಗೆ ಸೀರೆ ತರಲು ಹೋದಾಗಲೆಲ್ಲ ನಮ್ಮಮ್ಮ ಇದನ್ನೇ ಪುಕ್ಕಟೆ ಮಾಡಿಸುತ್ತಿದ್ದಳು. ಇತಿಹಾಸ ಇರುತ್ತಿರಲಿಲ್ಲ, ಅದರ ಬದಲು ಬೈಗುಳ ಇರುತ್ತಿತ್ತು.

ನನ್ನ ಮಗ ಇದನ್ನು ಬುಕ್ ಮಾಡಿದ್ದು ದಾವಣಗೆರೆಯಿಂದ ಬಂದಿದ್ದ ನನ್ನ ಚಿಕ್ಕಮ್ಮನಿಗೋಸ್ಕರ. ದೀಪಾವಳಿಗೆ ಮುಂಚಿನ ಶನಿವಾರ. ‘ಅಜ್ಜಿಗೆ ಸರ್‌ಪ್ರೈಸ್’ ಅಂದ. ದಾವಣಗೆರೆಯವರನ್ನು ಕರೆದುಕೊಂಡು ಹೋಗಿ ಬೆಂಗಳೂರಿನ ದೋಸೆ ತೋರಿಸುವುದರಲ್ಲಿ ಎಂಥ ಅಪಾಯ ಇದೆ ಅಂತ ಆ ವಯಸ್ಸಿನ ಹುಡುಗನಿಗೆ ಹೇಗೆ ಗೊತ್ತಾಗಬೇಕು? ನನ್ನ ಗಂಡನಿಗೆ ಗೊತ್ತಿತ್ತು. ಅವರಿಗೆ ಆ ಶನಿವಾರವೇ ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಬಂತು.

ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ ಸಂಜೆ ನಾಲ್ಕಕ್ಕೆ ಸೇರಿದೆವು. ಒಟ್ಟು ಎಂಟು ಜನ. ದೆಹಲಿಯ ದಂಪತಿ, ಕೈಗೆ ಅದೇನೋ ದ್ರವ ಹಚ್ಚಿಕೊಳ್ಳುತ್ತಲೇ ಇದ್ದರು. ಜಯನಗರದ ನಿವೃತ್ತ ಬ್ಯಾಂಕ್ ಅಧಿಕಾರಿ ಮತ್ತು ಅವರ ಹೆಂಡತಿ. ಕ್ಯಾಮೆರಾ ಹಿಡಿದ ಒಬ್ಬಳು ಹುಡುಗಿ. ಉಳಿದವರು ನಾವು ಮೂವರು. ಗೈಡ್ ಒಬ್ಬ ತೆಳ್ಳಗಿನ ಹುಡುಗ. ಕಿವಿಯಿಂದ ಬಾಯಿಗೆ ಮೈಕು, ಸೊಂಟಕ್ಕೆ ಸ್ಪೀಕರು, ಕೈಯಲ್ಲಿ ಹಳದಿ ಕೊಡೆ.

‘ಎಷ್ಟೇ ರಶ್ ಇರಲಿ, ಈ ಹಳದಿ ಕೊಡೆ ನೋಡ್ಕೊಂಡು ಬನ್ನಿ. ಯಾರೂ ತಪ್ಪಿಸಿಕೊಳ್ಳಲ್ಲ’ ಅಂದ. ಪಾಪ.

ಮೊದಲನೇ ನಿಲ್ದಾಣ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿದ್ದ ಒಂದು ಹಳೇ ಹೋಟೆಲು. ಹೆಸರು ಹೇಳುವುದಿಲ್ಲ, ನಾಳೆ ನಾನೂ ಅಲ್ಲಿಗೆ ಹೋಗಬೇಕು. ನಾವು ಎಂಟು ಜನ ಕೂತೆವು. ಒಂದು ಮಸಾಲೆ ದೋಸೆ ಬಂತು. ಮಿಕ್ಕಿದ್ದು ಬರುತ್ತದೆ ಅಂತ ಚಿಕ್ಕಮ್ಮ ಕಾದರು. ಬರಲಿಲ್ಲ. ಸಪ್ಲೈಯರ್ ಸ್ಟೀಲ್ ಚಮಚದ ಅಂಚಿನಿಂದ ಆ ದೋಸೆಯನ್ನು ಕಟ ಕಟ ಅಂತ ಎಂಟು ತುಂಡು ಮಾಡಿದ. ಮಸಾಲೆ ದೋಸೆಯ ಪಲ್ಯ ಇರುವುದು ನಡುವೆ, ಅಲ್ವಾ? ಹಾಗಾಗಿ ನಡುವಿನ ನಾಲ್ಕು ತುಂಡಿಗೆ ಆಲೂಗಡ್ಡೆ ಸಿಕ್ಕಿತು. ಆ ಕಡೆ ಈ ಕಡೆಯ ತುಂಡುಗಳಿಗೆ ಬರೀ ಗರಿಗರಿ. ಕ್ಯಾಮೆರಾ ಹುಡುಗಿ ‘ಒಂದ್ನಿಮಿಷ, ಯಾರೂ ಮುಟ್ಟಬೇಡಿ’ ಅಂತ ಕುರ್ಚಿ ಮೇಲೆ ಹತ್ತಿ ಫೋಟೋ ತೆಗೆದಳು. ಅವಳು ಇಳಿಯುವ ಹೊತ್ತಿಗೆ ಆ ಗರಿಗರಿಯೂ ಹೋಗಿತ್ತು. ಚಿಕ್ಕಮ್ಮನ ಪಾಲಿಗೆ ಬಂದದ್ದು ತುದಿಯ ತುಂಡು.

ಚಿಕ್ಕಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

‘ಏನವ್ವ ಇದು? ತಿಂಡಿಗೆ ಅಂತ ಕರೆದು ಪ್ರಸಾದ ಕೊಡ್ತಾನಲ್ಲ ಈ ಹುಡುಗ.’

‘ಟೇಸ್ಟಿಂಗ್ ಪೋರ್ಷನ್ ಅಮ್ಮ. ಇನ್ನೂ ತುಂಬಾ ಕಡೆ ತಿನ್ನೋದಿದೆ’ ಅಂದ ಗೈಡ್.

‘ತಮ್ಮಾ, ನಮ್ಮೂರಾಗೆ ಕೂಸಿನ ಕೈಗೆ ಕೊಟ್ರೂ ಇದಕ್ಕಿಂತ ದೊಡ್ಡ ತುಣುಕು ಕೊಡ್ತೀವಿ.’

ನಾನು ಗೈಡ್ ಪರ ವಹಿಸಿದೆ. ಹಂಚಿಕೊಂಡು ತಿನ್ನುವುದು ಈ ಊರಿಗೆ ಹೊಸದೇನಲ್ಲ. ಒಂದು ಕಾಫಿಯನ್ನು ಬೈ ಟೂ ಮಾಡಿ ಕುಡಿಯುವುದನ್ನು ನಾವು ಎಂದೂ ಜಿಪುಣತನ ಅಂದುಕೊಂಡವರಲ್ಲ. ಸಪ್ಲೈಯರ್ ಎರಡು ಲೋಟಗಳನ್ನು ಒಂದರ ಪಕ್ಕ ಒಂದು ಇಟ್ಟು ಮಟ್ಟ ಸರಿ ಇದೆಯೇ ಅಂತ ಬಗ್ಗಿ ನೋಡುತ್ತಾನಲ್ಲ, ಆ ನ್ಯಾಯ ಬೇರೆ ಎಲ್ಲಿ ಸಿಗುತ್ತದೆ? ಬೈ ಟೂ ಕಾಫಿ ಮುಂದೆ ಕೂತು ಎರಡು ಗಂಟೆ ಮಾತಾಡಿದರೂ ಯಾರೂ ಎಬ್ಬಿಸುತ್ತಿರಲಿಲ್ಲ, ಅದೊಂದು ಕಾಲ. ಇದನ್ನೆಲ್ಲ ಹೇಳಿದೆ. ಚಿಕ್ಕಮ್ಮ ಕೇಳಿಸಿಕೊಂಡರು. ಆಮೇಲೆ ತಮ್ಮ ಲೆಕ್ಕ ಹೇಳಿದರು: ‘ಅಲ್ಲವ್ವ, ಬೈ ಟೂ ಕುಡಿದೋರು ಅರ್ಧರ್ಧ ದುಡ್ಡು ಕೊಡ್ತಾರೆ. ನಾವು ಎಂಟು ಜನಾನೂ ಪೂರ್ತಿ ಕೊಟ್ಟಿದೀವಿ.’

ಬ್ಯಾಂಕ್ ಅಧಿಕಾರಿ ತಲೆ ಅಲ್ಲಾಡಿಸಿದರು. ಅವರಿಗೂ ತುದಿಯ ತುಂಡೇ ಸಿಕ್ಕಿತ್ತು.

ಅಲ್ಲಿಂದ ದೊಡ್ಡಪೇಟೆ ಚೌಕ. ಈಗಿನ ಅವೆನ್ಯೂ ರಸ್ತೆಯೇ ಹಿಂದಿನ ದೊಡ್ಡಪೇಟೆ. ಅದಕ್ಕೆ ಅಡ್ಡ ಚಿಕ್ಕಪೇಟೆ ರಸ್ತೆ. ಎರಡೂ ಸೇರುವ ಜಾಗದಿಂದ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಕಟ್ಟಿ ನೇಗಿಲು ಹೊಡೆಸಿದರಂತೆ, ಆ ಗೆರೆಗಳೇ ಊರಿನ ಬೀದಿಗಳಾದವಂತೆ. ಈಗ ಅಲ್ಲಿ ಎತ್ತಲ್ಲ, ಒಂದು ಸ್ಕೂಟರ್ ನೆಟ್ಟಗೆ ಹೋಗಲಿ ನೋಡೋಣ. ಹಬ್ಬದ ಜನ. ತಳ್ಳುಗಾಡಿಯವರು ‘ಸೈಡ್, ಸೈಡ್’ ಅಂತ ಬಟ್ಟೆ ಬೇಲುಗಳನ್ನು ನಮ್ಮ ಬೆನ್ನಿಗೇ ತಂದು ನಿಲ್ಲಿಸುತ್ತಿದ್ದರು. ಗೈಡ್ ಒಂದು ಕೈಯಲ್ಲಿ ಕೊಡೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ದಿಕ್ಕು ತೋರಿಸಿ ಹೇಳುತ್ತಾ ಹೋದ. ಅದು ಬಳೇಪೇಟೆ. ಇದು ಅಕ್ಕಿಪೇಟೆಗೆ ಹೋಗುವ ದಾರಿ. ಆ ಕಡೆ ರಾಗಿಪೇಟೆ, ತರಗುಪೇಟೆ. ಎಣ್ಣೆ ಗಾಣದವರದು ಗಾಣಿಗರಪೇಟೆ, ಮಡಕೆ ಮಾಡುವವರದು ಕುಂಬಾರಪೇಟೆ.

‘ತಿನ್ನೋ ಪೇಟೆ ಯಾವಾಗ ಬರ್ತದೆ?’ ಅಂದರು ಚಿಕ್ಕಮ್ಮ.

ಬಂತು. ಬಾದಾಮಿ ಹಾಲು ಬಂತು, ಔಷಧಿ ಕುಡಿಸುವ ಅಳತೆಯ ಪೇಪರ್ ಲೋಟದಲ್ಲಿ. ಆಮೇಲೆ ಮಸಾಲೆ ಪುರಿ, ಎರಡು ಪ್ಲೇಟು, ಎಂಟು ಚಮಚ. ದೆಹಲಿಯವರು ಪುರಿಯೊಳಗೆ ಪಾನಿ ಎಲ್ಲಿ ಅಂತ ಹುಡುಕುತ್ತಿದ್ದರು. ನಮ್ಮಲ್ಲಿ ಪುರಿಯನ್ನು ಪುಡಿ ಮಾಡಿ ಮೇಲೆ ಬಿಸಿ ಬಟಾಣಿ ಗೊಜ್ಜು ಸುರಿಯುತ್ತಾರೆ ಅಂತ ವಿವರಿಸುವಷ್ಟರಲ್ಲಿ ನನ್ನ ಮಗ ಅವರ ಪಾಲನ್ನೂ ಮುಗಿಸಿದ್ದ.

ಕೆ.ಆರ್. ಮಾರ್ಕೆಟ್ ಹತ್ತಿರ ಬಂದಾಗ ಕತ್ತಲಾಗುತ್ತಿತ್ತು. ಗೈಡ್ ಹುಮ್ಮಸ್ಸಿನಲ್ಲಿದ್ದ. ಈ ಕಟ್ಟಡ ಆಗಿದ್ದು 1921ರಲ್ಲಿ ಅಂದ. ಅದಕ್ಕೂ ಮುಂಚೆ, 1905ರಲ್ಲಿ, ಶಿವನಸಮುದ್ರದಿಂದ ಕರೆಂಟ್ ತಂದು ಬೆಂಗಳೂರಿನ ಬೀದಿ ದೀಪ ಹೊತ್ತಿಸಿದ್ದು ಈ ಮಾರ್ಕೆಟ್ ಜಾಗದಲ್ಲೇ ಅಂದ. ‘ದೇಶದ ಎಷ್ಟೋ ಊರುಗಳು ಎಣ್ಣೆ ದೀಪದಲ್ಲಿ ಇರುವಾಗ...’ ಅಂತ ಶುರು ಮಾಡಿದ. ಒಂದು ಸಿಡಿಲು ಹೊಡೆಯಿತು. ಕರೆಂಟ್ ಹೋಯಿತು. ಅಂಗಡಿಗಳ ಜನರೇಟರುಗಳೆಲ್ಲ ಒಟ್ಟಿಗೆ ಡಬಡಬ ಶುರುವಾದವು. ಆಮೇಲೆ ಅವನು ಹೇಳಿದ್ದು ಏನೂ ಕೇಳಿಸಲಿಲ್ಲ.

ಹಿಂದೆಯೇ ಮಳೆ. ಅಕ್ಟೋಬರಿನ ಬೆಂಗಳೂರು ಮಳೆ ಗೊತ್ತಲ್ಲ, ಹನಿ ಹಾಕಿ ಎಚ್ಚರಿಸುವ ಸೌಜನ್ಯ ಇಲ್ಲ. ಮಾರ್ಕೆಟ್ ತುಂಬಾ ಕೊಡೆಗಳು ಬಿಚ್ಚಿಕೊಂಡವು. ಕಪ್ಪು, ಹೂವಿನದು, ಬ್ಯಾಂಕಿನವರು ಪುಕ್ಕಟೆ ಕೊಟ್ಟದ್ದು, ಮತ್ತೆ ಹಳದಿ. ಹಳದಿ ಕೊಡೆಗಳೇ ಅಷ್ಟೊಂದು ಇರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಜಗುಲಿ ಕೆಳಗೆ ಸೇರಿ ಗೈಡ್ ತಲೆ ಎಣಿಸಿದ. ಏಳು.

ಚಿಕ್ಕಮ್ಮ ಗೈಡ್ ಹೇಳಿದಂತೆಯೇ ನಡೆದುಕೊಂಡಿದ್ದರು. ಹಳದಿ ಕೊಡೆ ನೋಡಿಕೊಂಡೇ ಹೋಗಿದ್ದರು. ಆ ಕೊಡೆ ಹೂವಿನ ಮಾರ್ಕೆಟ್ಟಿಗೆ ಹೋಗಿತ್ತು.

ಹುಡುಕಿಕೊಂಡು ಹೋದಾಗ ಸೇವಂತಿಗೆ ರಾಶಿಯ ಮುಂದೆ ಸೆರಗು ಸಿಕ್ಕಿಸಿ ನಿಂತಿದ್ದರು. ವ್ಯಾಪಾರ ಕುದುರಿತ್ತು, ತಕರಾರು ಅಳತೆಯದ್ದು. ಹೂವಿನ ಹೆಂಗಸು ಎರಡೂ ಕೈ ಚಾಚಿ ಮಾರು ಅಳೆಯುತ್ತಿದ್ದಳು. ಕುಳ್ಳಗಿನ ಹೆಂಗಸು. ‘ನಿನ್ನ ಕೈ ಗಿಡ್ಡ ಆತವ್ವ, ನಾನು ಅಳೀತೀನಿ ಕೊಡು’ ಅಂತ ಚಿಕ್ಕಮ್ಮ ದಾರ ಇಸಿದುಕೊಂಡು, ತಮ್ಮ ಉದ್ದನೆಯ ಕೈಗಳನ್ನು ಪೂರ್ತಿ ಚಾಚಿ, ಎದೆ ಉಬ್ಬಿಸಿ, ಒಂದು ಮಾರಿಗೆ ಒಂದು ಗೇಣು ಜಾಸ್ತಿ ಗಿಟ್ಟಿಸಿದರು. ಆ ಹೆಂಗಸು ಸಿಟ್ಟಾಗಲಿಲ್ಲ. ‘ನಿಮ್ಮಂಥ ನಾಲ್ಕು ಜನ ಬಂದ್ರೆ ನಾನು ಮನೆಗೆ ಹೋಗಬೇಕು’ ಅಂತ ನಕ್ಕಳು. ಕ್ಯಾಮೆರಾ ಹುಡುಗಿ ಇದನ್ನು ಚೆನ್ನಾಗಿ ತೆಗೆದಳು. ಅವತ್ತಿನ ಒಳ್ಳೆಯ ಫೋಟೋ ಅದೇ.

ಮುಂದಿನ ಕಾರ್ಯಕ್ರಮ ವಿ.ವಿ. ಪುರಂ ತಿಂಡಿ ಬೀದಿ. ಆ ಮಳೆಯಲ್ಲಿ ಆಟೋ ಕೇಳುವುದು ವ್ಯರ್ಥ, ಹಾಗಾಗಿ ಮೆಟ್ರೋ. ಮಾರ್ಕೆಟ್ಟಿನಿಂದ ನ್ಯಾಷನಲ್ ಕಾಲೇಜಿಗೆ ಒಂದೇ ಸ್ಟೇಷನ್. ಸೇವಂತಿಗೆ ಚೀಲ ಸ್ಕ್ಯಾನರ್ ಒಳಗೆ ಹೋಗಿ ಬಂತು. ಚೀಲ ಬಿಚ್ಚಿಸಿದ ಸೆಕ್ಯುರಿಟಿ ಹೆಂಗಸಿಗೆ ಚಿಕ್ಕಮ್ಮ ಒಂದು ಮೊಳ ಹರಿದು ‘ಇಟ್ಕೊಳವ್ವ’ ಅಂದರು. ಯೂನಿಫಾರಂ ಹಾಕಿದ್ದೀನಿ, ಬೇಡ ಅಂದಳು ಆಕೆ. ನಾವು ಎಸ್ಕಲೇಟರ್ ಹತ್ತಿ ತಿರುಗಿ ನೋಡಿದರೆ ಟೋಪಿ ಸರಿಸಿ ಮುಡಿಯುತ್ತಿದ್ದಳು. ಮೆಟ್ರೋದೊಳಗೆ ತಿನ್ನುವಂತಿಲ್ಲ ಅನ್ನುವ ಬೋರ್ಡನ್ನು ಮಗ ಅಜ್ಜಿಗೆ ಓದಿ ಹೇಳಿದ. ‘ಕೊಟ್ಟಿದ್ರೆ ತಾನೆ ತಿನ್ನೋದು’ ಅಂದರು.

ಸಜ್ಜನ್ ರಾವ್ ಸರ್ಕಲ್‌ನಲ್ಲಿ ಮಳೆ ನಿಂತಿತ್ತು. ಒದ್ದೆ ರಸ್ತೆ, ಬಿಸಿ ಕಾವಲಿ, ಎಲ್ಲ ಕಡೆ ಹೊಗೆ. ಈ ಬೀದಿಯನ್ನು ಯಾರು ಎಷ್ಟೇ ಹೊಗಳಲಿ, ನಿಲ್ಲಲು ಜಾಗ ಸಿಕ್ಕಿದ ದಿನ ಮಾತ್ರ ನಾನು ಒಪ್ಪುತ್ತೇನೆ. ಅವತ್ತು ಸಿಕ್ಕಿತು. ಮೂಲೆಯ ವಿ.ಬಿ. ಬೇಕರಿ 1953ರದ್ದು. ಅಲ್ಲಿ ಗೈಡ್ ಕಾಂಗ್ರೆಸ್ ಕಡ್ಲೆಕಾಯಿ ಬೀಜ ಕೊಡಿಸಿದ, ಕತೆಯನ್ನೂ ಹೇಳಿದ. 1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು, ಈ ಬೀಜವೂ ಎರಡು ಹೋಳು, ಅದಕ್ಕೇ ಆ ಹೆಸರು ಅಂತ ಜನ ಹೇಳುತ್ತಾರೆ. ಬ್ಯಾಂಕ್ ಅಧಿಕಾರಿ ಕೂಡಲೇ ಮಧ್ಯೆ ಬಾಯಿ ಹಾಕಿ, ಒಡೆಯುವ ಮುಂಚೆ ಅದೇ ವರ್ಷ ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಧಿವೇಶನ ಆಗಿತ್ತು ಅಂತ ವಿವರ ಕೊಡತೊಡಗಿದರು. ಇಂದಿರಾ ಗಾಂಧಿಯವರ ಎದುರು ನಿಂತ ಹಿರಿಯರ ಸಿಂಡಿಕೇಟು, ಆಗ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು, ರಾಷ್ಟ್ರಪತಿ ಚುನಾವಣೆ, ಎಲ್ಲ ಬಂತು.

ಚಿಕ್ಕಮ್ಮ ಅಂಗೈಯಲ್ಲಿದ್ದ ಖಾರದ ಹೋಳುಗಳನ್ನು ಬೆರಳಿಂದ ಸರಿಸಿ ನೋಡಿ, ‘ನನಗೆ ಯಾರ ಪಾಲು ಕೊಟ್ಟೀರಿ? ಇಂದಿರಮ್ಮಂದಾ, ನಿಜಲಿಂಗಪ್ಪನವರದಾ?’ ಅಂದರು. ಹಳೇ ಚಿತ್ರದುರ್ಗ ಜಿಲ್ಲೆಯವರು, ನಿಜಲಿಂಗಪ್ಪನವರ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಬ್ಯಾಂಕ್ ಅಧಿಕಾರಿ ಉತ್ತರ ಹುಡುಕುತ್ತಾ ನಿಂತರು.

ಗೋಬಿ ಮಂಚೂರಿ ಕಂದು ಬಣ್ಣದಲ್ಲಿತ್ತು. 2024ರಲ್ಲಿ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂದ ಮೇಲೆ ಅದಕ್ಕೆ ಮೊದಲಿನ ಕಳೆ ಇಲ್ಲ ಅಂತ ನನ್ನ ಮಗನ ಕೊರಗು. ಅಜ್ಜಿ ಮಾತ್ರ ಸದ್ದಿಲ್ಲದೆ ಅವನ ಪಾಲಿಗೆ ಕಡ್ಡಿ ಚುಚ್ಚುತ್ತಿದ್ದರು. ಹೋಳಿಗೆ ಅಂಗಡಿಯಲ್ಲಿ ಕಾಯಿ ಹೋಳಿಗೆ, ಬೇಳೆ ಹೋಳಿಗೆ ಜತೆ ಪೈನಾಪಲ್ ಹೋಳಿಗೆ ಕಂಡು ‘ಶಿವನೇ’ ಅಂದವರು, ಬಿಸಿ ಕಾವಲಿಯಿಂದ ನೇರ ಬಂದ ಬೇಳೆ ಹೋಳಿಗೆಯನ್ನು ಎಂಟು ಪಾಲು ಮಾಡಲು ಗೈಡ್ ಕೈ ಹಾಕಿದಾಗ ಅವನ ಮಣಿಕಟ್ಟು ಹಿಡಿದುಬಿಟ್ಟರು.

‘ಇದನ್ನು ಹರೀಬ್ಯಾಡ. ಎಂಟು ಹಾಕಿಸು. ದುಡ್ಡು ನಾನು ಕೊಡ್ತೀನಿ.’ ಒಂದು ಕ್ಷಣ ಅವನ ಮುಖ ನೋಡಿ, ‘ಒಂಬತ್ತು ಹಾಕಿಸು. ನೀನು ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಹೌದಿಲ್ಲೋ?’

ಅವನು ತಿಂದಿರಲಿಲ್ಲ. ಜನರ ಪಾಲಿನಲ್ಲಿ ಗೈಡ್ ತಿನ್ನುವಂತಿಲ್ಲವಂತೆ. ಇಷ್ಟು ಹೊತ್ತು ಪಾಲು ಮಾಡುತ್ತಿದ್ದವನು ಯಾವ ಪಾಲಿನಲ್ಲೂ ಇರಲಿಲ್ಲ. ಇದು ನಮ್ಮ ಏಳು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಿಕ್ಕಮ್ಮ ಹೋಳಿಗೆ ಸಾಲದು ಅಂತ ಅವನಿಗೊಂದು ಪ್ಲೇಟ್ ಪಡ್ಡು ತರಿಸಿದರು, ಚಟ್ನಿ ಎರಡು ಸಲ ಹಾಕಿಸಿದರು. ‘ಮೈಕ್ ಕಟ್ಟಿಕೊಂಡು ಹ್ಯಾಂಗೆ ತಿಂತೀ, ಕೊಡಿಲ್ಲಿ’ ಅಂತ ಅದನ್ನು ಬಿಚ್ಚಿಸಿಕೊಂಡರು.

ಇಲ್ಲಿಗೆ ಕಾರ್ಯಕ್ರಮದ ಹಿಡಿತ ಯಾರ ಕೈಗೆ ಹೋಯಿತು ಅಂತ ಹೇಳಬೇಕಾಗಿಲ್ಲ.

ಸ್ಪೀಕರ್ ಆನ್ ಆಗಿಯೇ ಇತ್ತು. ‘ದ್ವಾಸಿ ಬಗ್ಗೆ ಹೇಳ್ತೀನಿ ಕೇಳ್ರಿ’ ಅನ್ನುವ ಮಾತು ಇಡೀ ಬೀದಿಗೆ ಕೇಳಿಸಿತು. ಚೆನ್ನಮ್ಮ ಅನ್ನುವ ಹೆಣ್ಣುಮಗಳು ಬೆಳಗಾವಿ ಸೀಮೆಯಿಂದ ದಾವಣಗೆರೆಗೆ ಬಂದದ್ದು, ನಾಟಕದ ಥಿಯೇಟರ್ ಪಕ್ಕ ಮೊದಮೊದಲು ರಾಗಿ ದೋಸೆ ಹಾಕಿದ್ದು, ಆಮೇಲೆ ಅವರ ಮಕ್ಕಳ ಕಾಲಕ್ಕೆ ಅಕ್ಕಿ ಹಿಟ್ಟು, ಮಂಡಕ್ಕಿ, ಬೆಣ್ಣೆ ಸೇರಿದ್ದು. ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕದಿದ್ದರೆ ದೋಸೆ ಹಗುರ ಆಗುವುದಿಲ್ಲ. ಬೆಣ್ಣೆಯನ್ನು ಮೇಲೆ ಸವರಿದರೆ ಸಾಲದು, ಬೇಯುವಾಗಲೇ ಬಿಡಬೇಕು. ಪಲ್ಯಕ್ಕೆ ಅರಿಸಿನ ಬೇಡ, ಬೆಳ್ಳಗಿರಬೇಕು. ಪಕ್ಕದ ದೋಸೆ ಅಂಗಡಿಯವನು ಕೈಯಲ್ಲಿ ಹಿಟ್ಟಿನ ಸೌಟು ಹಿಡಿದೇ ಕೇಳಿಸಿಕೊಳ್ಳುತ್ತಿದ್ದ. ಜನ ಸೇರಿದರು. ದೆಹಲಿ ದಂಪತಿಗೆ ನನ್ನ ಮಗ ಅನುವಾದ ಮಾಡುತ್ತಿದ್ದ, ಅರ್ಧಕ್ಕರ್ಧ ಅವನ ಸ್ವಂತದ್ದೇ. ಕೊರಳಿಗೆ ಹಾಕಿಕೊಂಡ ಸೇವಂತಿಗೆ ಚೀಲದಿಂದ ಸರವೊಂದು ಇಳಿಬಿದ್ದು, ಚಿಕ್ಕಮ್ಮ ಅಪ್ಪಟ ಚುನಾವಣಾ ಅಭ್ಯರ್ಥಿಯೇ ಆಗಿದ್ದರು.

ಕಾಲೇಜು ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, ‘ಆಂಟಿ, ಈ ವಾಕ್‌ಗೆ ಎಷ್ಟು ಚಾರ್ಜ್ ಮಾಡ್ತಾರೆ?’ ಅಂತ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಸ್ಪೀಕರಿನಿಂದ ಉತ್ತರ ಬಂತು. ‘ದುಡ್ಡೇನೂ ಬ್ಯಾಡವ್ವ. ದಾವಣಗೆರೆಗೆ ಬಾ. ಒಬ್ಬೊಬ್ಬರಿಗೆ ಒಂದೊಂದು ಪೂರ್ತಿ.’

ಗೈಡ್ ಹುಡುಗ ಬಾಯಿ ತುಂಬಾ ಪಡ್ಡು ಇಟ್ಟುಕೊಂಡೇ ಮೈಕ್ ಕೊಡಿ ಅಂತ ಕೈ ಚಾಚಿದ. ಚಿಕ್ಕಮ್ಮ ಆ ಕೈಗೆ ಇನ್ನೊಂದು ಹೋಳಿಗೆ ಇಟ್ಟು, ಮಂಡಕ್ಕಿ ಭಟ್ಟಿ ವಿಷಯಕ್ಕೆ ಬಂದರು.