ಗಟ್ಟಿಮುಟ್ಟಾಗಿದ್ದರೆ ಸಾಲದು

ನಿನ್ನೆ ಸಂಜೆ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಔಷಧ ಅಂಗಡಿಯೊಂದರಲ್ಲಿ ಒಬ್ಬರು, ತಮ್ಮ ತಂದೆಗೆ ಪದೇ ಪದೇ ಮರುಕಳಿಸುತ್ತಿರುವ ಭೇದಿಗೆ ಮನೆಯಲ್ಲೇ ಮಲ ಕಸಿ, ಅಂದರೆ ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ, ಮಾಡುವುದಾಗಿ ಹೇಳುತ್ತಿದ್ದರು. "ನಮ್ಮ ತಮ್ಮ ಗಟ್ಟಿಮುಟ್ಟ ಅದಾನ್ರೀ, ಅವಂದೇ ತಗೋತೀವಿ, ವಿಡಿಯೋದಾಗ ಎಲ್ಲಾ ತೋರ್ಸ್ಯಾರ" ಎಂಬ ಆ ಮಾತು ಕೇಳಿದ ಮೇಲೆ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

2020ರಲ್ಲಿ ನನ್ನ ಅವ್ವನೂ ಇಂಥದೇ ಭೇದಿಯಿಂದ ಬಹಳ ಪಾಡು ಪಟ್ಟಳು. ಆ್ಯಂಟಿಬಯಾಟಿಕ್‌ಗಳು ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನೂ ಕೊಂದಾಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೀಡುಬಿಟ್ಟು ವಿಷ ಕಾರುತ್ತದೆ. ಅವ್ವನಿಗೆ ಅದು ಮೂರು ಸಲ ಮರುಕಳಿಸಿತು. ನನ್ನದೇ ಮಲವನ್ನು ಕಸಿಗೆ ತೆಗೆದುಕೊಳ್ಳಿರೆಂದು ಹೈದರಾಬಾದಿನ ವೈದ್ಯರಿಗೆ ದುಂಬಾಲು ಬಿದ್ದೆ. ಕೊರೊನಾ ವೈರಸ್ಸಿನ ಆರ್‌ಎನ್‌ಎ ಎಂಬ ಆನುವಂಶಿಕ ವಸ್ತು ಮಲದಲ್ಲೂ ಸಿಕ್ಕಿದೆ, ಯಾವ ಲಕ್ಷಣವೂ ಇಲ್ಲದ ದಾನಿಯಿಂದಲೂ ಸೋಂಕು ದಾಟಬಹುದು ಎಂದು ಅವರು ಒಪ್ಪಲಿಲ್ಲ. ನಾನು ಜಗಳವಾಡಿ ಹೊರಬಂದೆ. ಇಂದಿಗೂ ಅದು ನನಗೆ ನಾಚಿಕೆಯ ಸಂಗತಿ. ಅವ್ವ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಪ್ರಮಾಣವನ್ನು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತ ಚೇತರಿಸಿಕೊಂಡಳು.

ವೈದ್ಯರ ಅಂಜಿಕೆಗೆ ಆಧಾರವಿತ್ತು. ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರಿಗೆ ಒಬ್ಬನೇ ದಾನಿಯ ಮಲದಿಂದ ಔಷಧಕ್ಕೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ತಗುಲಿ, ಅವರಲ್ಲಿ ಒಬ್ಬರು ತೀರಿಕೊಂಡರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಜೂನ್‌ನಲ್ಲಿ ಎಚ್ಚರಿಸಿತ್ತು. ಆ ಮಲವನ್ನು ಅಂಥ ಬ್ಯಾಕ್ಟೀರಿಯಾಗಳಿಗಾಗಿ ಪರೀಕ್ಷಿಸಿರಲೇ ಇಲ್ಲ. ಕೊರೊನಾ ಬಂದಾಗ, 2020ರ ಮಾರ್ಚ್‌ನಲ್ಲಿ, ಅದೇ ಸಂಸ್ಥೆ 2019ರ ಡಿಸೆಂಬರ್ 1ರ ನಂತರ ಸಂಗ್ರಹಿಸಿದ ಮಲಕ್ಕೆ ಹೆಚ್ಚುವರಿ ತಪಾಸಣೆ ಬೇಕೆಂದಿತು. ಗಟ್ಟಿಮುಟ್ಟಾದ ತಮ್ಮನ ಕರುಳಿನಲ್ಲಿ ಏನಿದೆಯೆಂದು ಅವನ ಮೈಕಟ್ಟು ಹೇಳುವುದಿಲ್ಲ.

ಈ ಚಿಕಿತ್ಸೆಯಿಂದ ಎಷ್ಟೋ ಜನ ಬದುಕಿದ್ದಾರಲ್ಲ ಎಂದು ಕೆಲವರು ಕೇಳಬಹುದು. ನಿಜ, 2013ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಮೊದಲ ಸಲದ ಕಸಿಗೇ 16 ಜನರಲ್ಲಿ 13 ಮಂದಿ ಗುಣವಾದರು; ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಜನರಲ್ಲಿ ಗುಣವಾದವರು ನಾಲ್ವರು. ಆದರೆ ಅಲ್ಲಿನ ದಾನಿಗಳ ರಕ್ತವನ್ನೂ ಮಲವನ್ನೂ ಮೊದಲೇ ಪರೀಕ್ಷಿಸಲಾಗಿತ್ತು. ಆ ಪರೀಕ್ಷೆಯನ್ನು ಬಿಟ್ಟು ಆ ಫಲವನ್ನಷ್ಟೇ ಹೇಗೆ ಬಯಸುವುದು? ಕಸಿಗೆ ನನ್ನ ವಿರೋಧವಿಲ್ಲ. ಪರೀಕ್ಷಿಸದ ಮಲಕ್ಕೆ ಮಾತ್ರ ನನ್ನ ವಿರೋಧ.

ನಾನು ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಲಿಂಗಸುಗೂರಿನ ಕಡೆಯವರಿರಬೇಕು. ಅವರ ಪರಿಚಯವಿದ್ದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇಂದೇ ಫೋನ್ ಮಾಡಿ, ತಂದೆಯನ್ನು ಕರುಳಿನ ತಜ್ಞರ ಬಳಿ ಕರೆದೊಯ್ಯುವಂತೆ ಹೇಳಿ.