ಬಾವಲಿ ಬರೀ ಅಂದಕ್ಕಲ್ಲ

ಚೀನಾದ ಪಿಂಗಾಣಿ ಊರು ಜಿಂಗ್‌ದೆಝೆನ್‌ನ ತಟ್ಟೆಗಳ ಬಗ್ಗೆ ನಿಮ್ಮದು ಒಳ್ಳೆಯ ಲೇಖನ. ಆದರೆ ಅವುಗಳ ಮೇಲಿನ ಬಾವಲಿ, ಮೀನು, ಕಮಲಗಳೆಲ್ಲ ‘ಬರೀ ಅಂದಕ್ಕೆ’ ಅಂದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಅಲ್ಲಿರುವುದು ಅಪ್ಪಟ ಶ್ಲೇಷೆ. ಚೀನೀ ಭಾಷೆಯಲ್ಲಿ ಬಾವಲಿಗೂ ಸೌಭಾಗ್ಯಕ್ಕೂ ಒಂದೇ ಉಚ್ಚಾರ, ‘ಫು’. ಐದು ಬಾವಲಿ ಬರೆದರೆ ಆಯುಸ್ಸು, ಸಂಪತ್ತು, ಆರೋಗ್ಯ, ಸದ್ಗುಣ, ಸುಖಮರಣ ಎಂಬ ಐದು ಭಾಗ್ಯ. ಮೀನು ‘ಯು’, ಮಿಗತೆಯೂ ‘ಯು’. ಕಮಲದ ‘ಲಿಯೆನ್’ಗೆ ‘ಎಡೆಬಿಡದೆ’ ಎಂಬರ್ಥದ ಪದವೂ ದನಿಗೂಡುತ್ತದೆ. ಹಾಗಾಗಿ ಮೀನು, ಕಮಲ ಒಟ್ಟಿಗಿದ್ದರೆ ‘ವರ್ಷ ವರ್ಷವೂ ಉಂಡು ಮಿಗಲಿ’ ಎಂಬ ಹಾರೈಕೆ. ಊಟದ ತಟ್ಟೆಗೆ ಇದಕ್ಕಿಂತ ಬೇರೇನು ಬೇಕು!

ಯುಂಗ್‌ಝೆಂಗ್ ದೊರೆಯ ಕಾಲದ (1723–1735) ಪೀಚ್ ಹಣ್ಣಿನ ಚಿತ್ರದ ತಟ್ಟೆಗಳನ್ನೂ ಸೇರಿಸಬೇಕಿತ್ತು. ಹಣ್ಣಿನ ಕೊಂಬೆ ತಟ್ಟೆಯ ಹೊರಮೈಯಲ್ಲಿ ಹುಟ್ಟಿ, ಅಂಚು ದಾಟಿ ಒಳಗಿಳಿಯುತ್ತದೆ. ಪೀಚ್ ಅಂದರೆ ದೀರ್ಘಾಯುಸ್ಸು. ಜೊತೆಗೆ ಕೆಂಪು ಬಾವಲಿಗಳ ಹಾರಾಟ.

ಪಿಂಗಾಣಿಯ ಮೇಲೆ ನೀಲಿ ಬಣ್ಣದಲ್ಲಿ ಚಿತ್ರ ಬರೆಯುವ ಕೆಲಸವಂತೂ ಕಷ್ಟದ್ದು. ತಟ್ಟೆಯ ಸುಡದ ಹಸಿ ಮೈ ಕೋಬಾಲ್ಟ್ ಎಂಬ ಲೋಹದಿಂದಾದ ಬಣ್ಣವನ್ನು ತಕ್ಷಣ ಹೀರಿಬಿಡುತ್ತದೆ, ತಪ್ಪಿದರೆ ಅಳಿಸುವಂತಿಲ್ಲ. ಬಳಿಯುವಾಗ ಕಾಣುವುದು ಮಂಕು ಕಪ್ಪು. ನೀಲಿ ಮೂಡುವುದು ಸುಮಾರು 1300 ಡಿಗ್ರಿ ಕಾವಿನ ಗೂಡಿನಿಂದ ಹೊರಬಂದ ಮೇಲೆಯೇ.

ಬಾವಲಿ ಮನೆಯೊಳಗೆ ಬಂದರೆ ಅಪಶಕುನ ಅನ್ನುತ್ತಿದ್ದ ನಮ್ಮಜ್ಜಿಗೆ ಇಂಥ ತಟ್ಟೆಯಲ್ಲಿ ಊಟ ಬಡಿಸಿದ್ದರೆ, ತಟ್ಟೆ ನೇರ ಹಿತ್ತಲು ಸೇರುತ್ತಿತ್ತು.